ರದ್ದುಪಡಿಸಿ ಆದೇಶಿಸಿದೆ

ಸೇಡಂನ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತೆ. ಇನ್ನೆರಡು ವರ್ಷಕ್ಕೆ ನಿವೃತ್ತಿ. ನನ್ನ ಕೈಯಿಂದ ಹೊರಟ ಕಾಗದಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ನನಗೆ ಹೆಸರು ತಂದುಕೊಟ್ಟವು ಮಾತ್ರ ಒಂದೇ ಜಾತಿಯವು, ರದ್ದತಿ ಆದೇಶಗಳು. ಬೇರೆ ವಿಭಾಗದವರೂ ಕಡತ ಹಿಡಿದುಕೊಂಡು ನನ್ನ ಮೇಜಿಗೆ ಬರುತ್ತಾರೆ. "ಅಕ್ಕೋರ, ರದ್ದು ಮಾಡೂದದ, ನೀವೇ ಬರದು ಕೊಡ್ರಿ" ಎನ್ನುತ್ತಾರೆ. ಒಬ್ಬರು ಹಪ್ಪಳಕ್ಕೆ ಹೆಸರಾದರೆ ಇನ್ನೊಬ್ಬರು ಉಪ್ಪಿನಕಾಯಿಗೆ ಹೆಸರಾಗುತ್ತಾರೆ, ನಾನು ಇದಕ್ಕಾದೆ.

ಬಾಯಿಮಾತಿನಲ್ಲಿ ಜನ ಎಲ್ಲದಕ್ಕೂ ಕ್ಯಾನ್ಸಲ್ ಎಂದುಬಿಡುತ್ತಾರೆ. ನನ್ನ ಅತ್ತೆಯಂಥ ಹಳಬರು ರದ್ದ ಎನ್ನುತ್ತಾರೆ. ನಿಜಾಮನ ಕಾಲದ ದಫ್ತರುಗಳಿಂದ ಉಳಿದು ಬಂದ ಶಬ್ದ, ಅವರ ಬಾಯಲ್ಲಿ ಅದಕ್ಕೆ ಇನ್ನೂ ತೂಕವಿದೆ. ಕಚೇರಿಯಲ್ಲಿ ಈ ಶಬ್ದದ ಅಕ್ಕಪಕ್ಕ ಇನ್ನೂ ಕೆಲವು ಕುಳಿತಿರುತ್ತವೆ, ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಮುಂದೂಡಿದರೆ ಆದೇಶ ಬದುಕಿಯೇ ಇರುತ್ತದೆ, ದಿನಾಂಕ ಮಾತ್ರ ಸರಿಯುತ್ತದೆ. ತಡೆಹಿಡಿದರೆ ಕಣ್ಣು ಮುಚ್ಚಿ ಮಲಗಿರುತ್ತದೆ, ಯಾವಾಗ ಬೇಕಾದರೂ ಎದ್ದು ಕುಳಿತೀತು. ರದ್ದುಪಡಿಸಿದರೆ ಮಾತ್ರ ಮುಗಿಯಿತು. ಅದಕ್ಕೇ ಮೇಲಿನವರಿಗೆ ಆ ಶಬ್ದದ ಅಂಜಿಕೆ. "ರದ್ದು ಅಂತ ಯಾಕ್ರಿ, ಸದ್ಯಕ್ಕ ಮುಂದೂಡಿದೆ ಅಂತ ಹಾಕ್ರಿ" ಎಂದು ಎಷ್ಟು ಸಲ ನನ್ನಿಂದ ತಿದ್ದಿಸಿದ್ದಾರೋ. ಒಳಗೊಳಗೇ ನಾನು ನಗುತ್ತಿದ್ದೆ. ಇಷ್ಟು ದೊಡ್ಡ ಕುರ್ಚಿ, ಇಷ್ಟು ಸಣ್ಣ ಎದೆ ಅಂದುಕೊಳ್ಳುತ್ತಿದ್ದೆ.

ರದ್ದುಪಡಿಸುವುದಕ್ಕೂ ಒಂದು ರೀತಿ ಇದೆ. ಕಾಗದ ಹರಿದು ಬುಟ್ಟಿಗೆ ಹಾಕಿದರೆ ರದ್ದಾಗುವುದಿಲ್ಲ. ಹಳೆಯ ಆದೇಶ ಯಾವುದೆಂದು ಉಲ್ಲೇಖದಲ್ಲಿ ತೋರಿಸಬೇಕು, ಕಾರಣ ಬರೆಯಬೇಕು. ಮೊದಲು ಸಹಿ ಹಾಕಿದವರೇ ಮತ್ತೆ ಹಾಕಬೇಕು, ಇಲ್ಲವೇ ಅವರಿಗಿಂತ ಮೇಲಿನವರು ಹಾಕಬೇಕು. ಮೊದಲಿನ ಆದೇಶದ ಪ್ರತಿ ಯಾರ್ಯಾರಿಗೆ ಹೋಗಿತ್ತೋ ಅವರಿಗೆಲ್ಲ ಇದರ ಪ್ರತಿಯೂ ಮುಟ್ಟಬೇಕು. ಹೊಸದಾಗಿ ಸೇರಿದವರು ಈ ಕೊನೆಯದನ್ನೇ ಮರೆಯುತ್ತಾರೆ. ಆಗ ಸತ್ತ ಆದೇಶವೊಂದು ಎಲ್ಲೋ ಒಂದು ಮೂಲೆಯಲ್ಲಿ ಜೀವಂತವಾಗಿ ಓಡಾಡಿಕೊಂಡಿರುತ್ತದೆ.

ಇಷ್ಟೆಲ್ಲ ತಿಳಿದ ನಾನು ನನ್ನ ಮಗಳ ವಿಷಯದಲ್ಲಿ ಹೆಡ್ಡಿಯ ಹಾಗೆ ನಡೆದುಕೊಂಡೆ. ಅದನ್ನೇ ಈಗ ಬರೆಯಲು ಕುಳಿತಿದ್ದೇನೆ.

ಎರಡು ವರ್ಷದ ಹಿಂದೆ, ಸಂಕ್ರಾಂತಿ ಮುಗಿದ ಮೇಲೆ ಮಗಳಿಗೆ ನಿಶ್ಚಯವಾಯಿತು. ಅವಳು ಶಹಾಬಾದಿನಲ್ಲಿ ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಸೇಡಂನಲ್ಲಿ ರೈಲು ಹತ್ತಿ, ವಾಡಿಯಲ್ಲಿ ಬದಲಿಸಿ ಹೋಗುವುದು, ಸಂಜೆ ಹಾಗೆಯೇ ಬರುವುದು. ಹುಡುಗನ ಊರು ಚಿಂಚೋಳಿ ತಾಲ್ಲೂಕಿನಲ್ಲಿ, ಐನಾಪುರದ ದಾರಿಯಲ್ಲಿ ಸಿಗುವ ಒಂದು ಹಳ್ಳಿ. ಅವನಿಗೆ ಕಲಬುರಗಿಯಲ್ಲಿ ನೌಕರಿ. ತಂದೆ ತೀರಿಕೊಂಡು ವರ್ಷಗಳಾಗಿದ್ದವು, ಊರಿನಲ್ಲಿ ತಾಯಿ ಒಬ್ಬರೇ ತೊಗರಿ ಹೊಲ ನೋಡಿಕೊಂಡಿದ್ದರು. ಹುಡುಗ ಕುಡಿಯುವುದಿಲ್ಲ, ತಿನ್ನುವುದಿಲ್ಲ, ತಲೆ ಬಗ್ಗಿಸಿ ಮಾತಾಡುತ್ತಾನೆ. ಇನ್ನೇನು ಬೇಕು ಎಂದರು ಎಲ್ಲರೂ. ನಾನೂ ಅಂದೆ. ಮಗಳು ಬೇಡ ಅನ್ನಲಿಲ್ಲ, ಅದನ್ನೇ ಹೂಂ ಎಂದು ತಿಳಿದೆವು.

ನನ್ನ ಗಂಡ ಹುಡುಗನ ಕಡೆಯ ಹಿರಿಯರ ಕೈ ಹಿಡಿದು ಮಾತು ಕೊಟ್ಟರು. ಅವರಿಗೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಅಂಗಡಿ, ದಿನವಿಡೀ ಕಲ್ಲಿನ ಜೊತೆಗಿದ್ದರೂ ಮನುಷ್ಯ ಮಾತ್ರ ಬೆಣ್ಣೆ. ನಮ್ಮ ಕಡೆ ನಿಶ್ಚಯವಾದರೆ ಸಕ್ಕರೆ ಹಂಚುತ್ತೇವೆ. ಅದು ಬಾಯಿಗೆ ಬಿದ್ದ ಮೇಲೆ ಮದುವೆ ಅರ್ಧ ಆದ ಹಾಗೆಯೇ. ನಮ್ಮ ಓಣಿಯ ಮನೆಮನೆಗೂ ನಾನೇ ಡಬ್ಬಿ ಹಿಡಿದುಕೊಂಡು ಹೋಗಿ ಕೈತುಂಬ ಕೊಟ್ಟು ಬಂದೆ. ಲಗ್ನ ಬಸವ ಜಯಂತಿ ಆದ ಮೇಲೆ ಎಂದು ಗೊತ್ತಾಯಿತು.

ಮಾರ್ಚ್ ತಿಂಗಳಲ್ಲಿ ಒಂದು ದಿನ ವಾಡಿಯಲ್ಲಿದ್ದ ನನ್ನ ತಂಗಿಯನ್ನು ನೋಡಿಕೊಂಡು ಬರುತ್ತಿದ್ದೆ. ಸಂಜೆಯ ಗಾಡಿಗೆ ಮಗಳೂ ಶಹಾಬಾದಿನಿಂದ ಬಂದು ವಾಡಿಯಲ್ಲಿ ಸೇರಿಕೊಂಡಳು. ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತೆವು. ಗಾಡಿ ಬಿಟ್ಟ ಕೂಡಲೇ ಮಗಳು ಫೋನೆತ್ತಿ ನನ್ನದೊಂದು ಫೋಟೋ ತೆಗೆದಳು. ನನಗೆ ಖುಷಿಯೋ ಖುಷಿ. ಇಷ್ಟು ವರ್ಷಕ್ಕೆ ತಾಯಿಯ ಫೋಟೋ ತೆಗೆಯಬೇಕು ಅನ್ನಿಸಿತಲ್ಲ ಎಂದುಕೊಂಡೆ. ಚಿತ್ತಾಪುರದಲ್ಲಿ ಮತ್ತೊಂದು ತೆಗೆದಳು. ಈ ಸಲ ನಾನು ಸೆರಗು ಸರಿಮಾಡಿಕೊಂಡು, ಕೂದಲು ಸವರಿಕೊಂಡು ಕುಳಿತೆ. ಮಳಖೇಡ ರಸ್ತೆ ಸ್ಟೇಷನ್ ಬಂದಾಗ ಮೂರನೆಯದು. ಆಗ ಫೋನು ಟಣ್ ಎಂದಿತು. ನಾನು ಬಗ್ಗಿ ನೋಡಿದೆ. ತಾಯಿಗೆ ಅಷ್ಟು ಹಕ್ಕು ಇದೆ ಎಂದುಕೊಂಡವಳು ನಾನು.

"ಎದುರಿಗೆ ಕುಂತವರದೂ ಮುಖ ಕಾಣಬೇಕು" ಎಂದು ಬರೆದಿತ್ತು. ಕಳಿಸಿದವನು ಹುಡುಗ.

ಮಗಳು ಫೋನನ್ನು ಸ್ವಲ್ಪ ಎತ್ತಿ, ಎದುರಿಗೆ ಶೇಂಗಾ ತಿನ್ನುತ್ತಿದ್ದ ಮುದುಕರ ಫೋಟೋ ಅವರಿಗೆ ತಿಳಿಯದ ಹಾಗೆ ತೆಗೆದು ಕಳಿಸಿದಳು. ಆ ಕೈಗೆ ಆ ಕೆಲಸ ಎಷ್ಟೋ ದಿನದಿಂದ ರೂಢಿಯಾದಂತಿತ್ತು.

"ಇದು ಯಾವಾಗಿಂದ ನಡದದ?" ಎಂದು ಕೇಳಿದೆ.

"ಸಕ್ಕರಿ ಹಂಚಿದ ಮರುದಿನದಿಂದ" ಎಂದಳು. "ಗಾಡಿ ಹತ್ತಿದ್ರ ಒಂದು, ಇಳದ್ರ ಒಂದು. ಬಾಜೂ ಯಾರು, ಎದುರಿಗಿ ಯಾರು. ಲ್ಯಾಬಿನ್ಯಾಗ ಊಟದ ಡಬ್ಬಿ ತಗದ್ರ ಅದೂ. ತಡ ಆದ್ರ ಫೋನ್ ಮ್ಯಾಲ ಫೋನ್."

"ನೀ ಯಾಕ ಹೇಳಲಿಲ್ಲ?"

"ಏನಂತ ಹೇಳಲಿ ಅವ್ವ? ಬೈದಿಲ್ಲ, ಹೊಡದಿಲ್ಲ. ಕಾಳಜಿ ಅಂತಾನ." ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದಳು. "ನಂಗ ಬ್ಯಾಡ ಅನಸ್ತದ ಅವ್ವ. ಭಾಳ ಅಂಜಿಕಿ ಬರ್ತದ. ನೀ ಹ್ಯಾಂಗರೆ ಮಾಡಿ ಇದನ್ನ ನಿಲ್ಲಸು."

ಎರಡು ತಿಂಗಳು ನನ್ನ ಕಣ್ಣೆದುರೇ ಮಗಳು ಫೋನ್ ಹಿಡಿದು ಓಡಾಡಿದ್ದಳು, ಹೊಸ ಸಂಬಂಧ, ಮಾತು ಜಾಸ್ತಿ ಎಂದು ನಾನು ನಕ್ಕಿದ್ದೆ. ಓಣಿಯವರ ಎದುರು ಜಂಬ ಕೂಡ ಕೊಚ್ಚಿಕೊಂಡಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಆ ರಾತ್ರಿ ಗಂಡನಿಗೆ ಹೇಳಿದೆ. ಅವರು ಸುಮ್ಮನೆ ಕುಳಿತು ಕೇಳಿದರು. ಕೇಳಿದ ಮೇಲೆ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. "ಹುಡುಗಿ ಬ್ಯಾಡ ಅಂದ್ಮ್ಯಾಲ ಬ್ಯಾಡ. ಖರೇ ಅದ. ಆದ್ರ ಮಾತು ಕೊಟ್ಟವ ನಾ ಇದೀನಿ. ಆ ತಾಯಿ ಮಾರಿ ನೋಡಿ ಹ್ಯಾಂಗ ಹೇಳಲಿ? ಒಮ್ಮೆಲೇ ಹೇಳೂದು ಬ್ಯಾಡ. ಸದ್ಯಕ್ಕ ಮುಂದ ಹಾಕೋಣು."

ಇಷ್ಟು ವರ್ಷ ಮೇಲಿನವರ ಬಾಯಲ್ಲಿ ಇದೇ ಮಾತು ಕೇಳಿ ನಕ್ಕವಳು ನಾನು. ಆಗ ನಗಬೇಕಿತ್ತು. ನಗಲಿಲ್ಲ. ನನ್ನ ಎದೆಯೂ ಅವರಷ್ಟೇ ಸಣ್ಣದು ಎಂದು ಆ ದಿನ ಗೊತ್ತಾಯಿತು. ಸರಿ ಎಂದೆ. ಮುಂದೂಡಲು ಕಾರಣ ಬೇಕಲ್ಲ, ಅತ್ತೆಯವರನ್ನು ರೋಗಿ ಮಾಡಿದೆವು. "ನಮ್ಮ ಅವ್ವಗ ಆರಾಮಿಲ್ಲರಿ, ಮೇ ತಿಂಗಳದಾಗ ಲಗ್ನ ಆಗೂದಿಲ್ಲ, ಮುಂದ ನೋಡೋಣ್ರಿ" ಎಂದು ಗಂಡ ಫೋನಿನಲ್ಲಿ ಹೇಳಿದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾವು ಮದುವೆ ತಪ್ಪಿಸಲಿಕ್ಕೆ ಸುಳ್ಳು ಹೇಳಲು ಹೊರಟೆವು, ಅಲ್ಲಿಯೇ ಎಡವಿದ್ದು.

ನನ್ನ ಅತ್ತೆಗೆ ಎಂಬತ್ತರ ಹತ್ತಿರ. ಆದರೂ ಮುಂಜಾನೆ ಎದ್ದು ಅಂಗಳ ಗುಡಿಸುತ್ತಾರೆ, ಎರಡು ಜೋಳದ ರೊಟ್ಟಿ ಪುಂಡಿ ಪಲ್ಯದ ಜೊತೆ ತಿಂದು ಮೂರನೆಯದಕ್ಕೆ ತಾಟಿನ ಕಡೆ ನೋಡುತ್ತಾರೆ. ಅವರಿಗೆ ಈ ಸುಳ್ಳಿನ ಸುದ್ದಿ ಹೇಳಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಚಿಂಚೋಳಿ ಬಸ್ಸಿನಿಂದ ಬೀಗತಿಯವರು ಇಳಿದರು. ಒಂದು ಕೈಯಲ್ಲಿ ರೊಟ್ಟಿಯ ಗಂಟು, ಇನ್ನೊಂದರಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಮನೆಯೊಳಗೆ ಕಾಲಿಡುತ್ತಲೇ, "ಹಿರೇರು ಎಲ್ಲಿದಾರ್ರಿ? ಆರಾಮಿಲ್ಲಂತ ಕೇಳಿ ಜೀವ ತಡೀಲಿಲ್ಲ. ನೀವು ಆಫೀಸಿಗಿ ಹೋಗ್ರಿ, ನಾ ನೋಡ್ಕೋತೀನಿ" ಎಂದರು. ನಾನು ಹಿತ್ತಲಿಗೆ ಓಡಿದೆ. ಅತ್ತೆ ಬಟ್ಟೆ ಒಗೆಯುತ್ತಿದ್ದರು.

"ಅತ್ತೀ, ಜಲ್ದಿ ಬಂದು ಮಲಕೋರಿ" ಎಂದೆ.

"ಯಾಕವ್ವ? ಈಗರೆ ಎದ್ದೀನಿ."

"ನಿಮಗ ಆರಾಮಿಲ್ಲ."

"ನಂಗ್ಯಾಕ ಆರಾಮಿಲ್ಲ?"

ಹೇಗೋ ಕಿವಿಯಲ್ಲಿ ಉಸುರಿ, ಒದ್ದೆ ಸೀರೆಯಲ್ಲಿಯೇ ಕರೆತಂದು ಹಾಸಿಗೆಯಲ್ಲಿ ಹಾಕಿ ಚಾದರ ಹೊದಿಸಿದೆ. ಮಾರ್ಚ್ ತಿಂಗಳ ಸೇಡಂ ಬಿಸಿಲಿನಲ್ಲಿ ಚಾದರ! ಬೀಗತಿಯವರು ಎರಡು ದಿನ ಇದ್ದರು. ಅತ್ತೆಯ ಕಾಲೊತ್ತಿದರು, ಗಂಜಿ ಮಾಡಿ ಕುಡಿಸಿದರು, ತಲೆಗೆ ಎಣ್ಣೆ ಹಚ್ಚಿದರು. ಅತ್ತೆ ಗಂಜಿ ಕುಡಿದು, ಹೋಳಿಗೆಯ ಡಬ್ಬಿಯನ್ನು ಕಣ್ಣಿನಲ್ಲೇ ತಿಂದು, ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಮಗಳಿಗೆ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. ಭಾವಿ ಅತ್ತೆ ಮನೆಯಲ್ಲಿರುವಾಗ ಅವಳು ಇನ್ನೂ ಮುದುಡಿಕೊಂಡಳು. ಅವರು ಪ್ರೀತಿಯಿಂದ ಅವಳ ಕೈಗೆ ಬಳೆ ತೊಡಿಸಿ ಹೋದರು. ಹೋಗುವಾಗ, "ಲಗ್ನ ತಡ ಆದ್ರ ಆಗ್ಲಿ ಬಿಡ್ರಿ. ಹುಡುಗಿ ನಮ್ದಾಗ್ಯಾಳ" ಎಂದರು.

ಆ ಮಾತು ಕೇಳಿದ ಮೇಲೆ ನನಗೆ ಬುದ್ಧಿ ಬಂತು. ಕಚೇರಿಯಲ್ಲಿ ದಿನವೂ ನೋಡಿದ್ದನ್ನು ಮನೆಯಲ್ಲಿ ಮರೆತಿದ್ದೆ. ಮುಂದೂಡಿದ್ದು ಬದುಕಿರುತ್ತದೆ, ಬದುಕಿದ್ದು ಬೆಳೆಯುತ್ತದೆ. ಹುಡುಗನೂ ಈಗ ಹೆಚ್ಚು ಬಿಗಿ ಮಾಡಿದ್ದ. ಲಗ್ನ ಯಾಕೆ ಮುಂದೆ ಹೋಯಿತು, ನಡುವೆ ಬೇರೆ ಯಾರಾದರೂ ಇದ್ದಾರೋ ಎಂದು ಕೇಳಲು ಶುರು ಮಾಡಿದ್ದ. ಮಗಳು ದಿನಕ್ಕೆ ಕಳಿಸುವ ಫೋಟೋಗಳು ಹೆಚ್ಚಾದವು. ಒಂದು ದಿನ ವಾಡಿಯಲ್ಲಿ ಫೋನಿನ ಚಾರ್ಜ್ ಮುಗಿಯಿತೆಂದು ಅವಳು ಗಾಡಿಯನ್ನೇ ಹತ್ತಲಿಲ್ಲ. ಸ್ಟೇಷನ್ನಿನಲ್ಲಿ ಯಾರದೋ ಚಾರ್ಜರ್ ಬೇಡಿ, ಫೋಟೋ ಕಳಿಸಿದ ಮೇಲೆಯೇ ಮುಂದಿನ ಗಾಡಿಗೆ ಬಂದಳು. ಮನೆಗೆ ಬಂದು ಬೂಟು ಬಿಚ್ಚುತ್ತಾ ಅದನ್ನು ಹೇಳಿದಳು, ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಅವಳ ಕೈಯಲ್ಲಿದ್ದ ಫೋನನ್ನು ನಾನು ತೆಗೆದಿಟ್ಟೆ. ಮನೆಯವರನ್ನೆಲ್ಲ ಕೂಡಿಸಿಕೊಂಡು, "ಇದು ಮುಂದ ಹಾಕೂದಲ್ಲ. ರದ್ದು ಮಾಡೂದು" ಎಂದೆ.

ಗಂಡ ಗೋಡೆ ನೋಡಿದರು. "ನನ್ನ ಬಾಯಿಂದ ಆ ಮಾತು ಬರೂದಿಲ್ಲ. ಕೈ ಹಿಡದು ಹೂಂ ಅಂದವ ನಾ."

"ಹೂಂ ಅಂದವರೇ ಬ್ಯಾಡ ಅನಬೇಕು. ರೀತಿ ಹಂಗದ" ಎಂದೆ. "ಇಲ್ಲಂದ್ರ ಅವರಕಿಂತ ಮ್ಯಾಲಿನವರು."

ನಾನು ಕಚೇರಿಯ ರೂಢಿಯಲ್ಲಿ ಹೇಳಿದ್ದೆ, ಮಾತು ಹಾಗೇ ಬಾಯಿಗೆ ಬಂದಿತ್ತು. ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿದರು.

"ಇವನಕಿಂತ ಮ್ಯಾಲಿನಾಕಿ ನಾ ಇದೀನಲ್ಲ" ಎಂದರು. "ಇವನ್ನ ಹಡದಾಕಿ. ನಾಳಿ ಮುಂಜಾನಿ ಬಸ್ಸು ಎಷ್ಟಕ್ಕದ?"

ಮರುದಿನ ರಜೆ ಹಾಕಿದೆ. ನಿಶ್ಚಯಕ್ಕೆ ಅವರು ಕೊಟ್ಟ ಸೀರೆ, ಉಂಗುರ, ಮೊನ್ನೆಯ ಬಳೆ, ಎಲ್ಲವನ್ನೂ ಒಂದು ಚೀಲದಲ್ಲಿ ಇಟ್ಟುಕೊಂಡೆ. ಕಾರಣ ಬರೆಯದ ರದ್ದತಿ ನಿಲ್ಲುವುದಿಲ್ಲ, ಆದ್ದರಿಂದ ಮಗಳನ್ನು ಕೇಳಿ ಆ ಫೋಟೋಗಳನ್ನೂ ಹುಡುಗ ಬರೆದದ್ದನ್ನೂ ಎಲ್ಲ ನನ್ನ ಫೋನಿಗೆ ಹಾಕಿಸಿಕೊಂಡೆ. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, "ಅವರು ಬೈದ್ರ?" ಎಂದಳು. "ಬೈಸ್ಕೋತೀವಿ" ಎಂದರು ಅತ್ತೆ. "ನಿಮ್ಮವ್ವ ಸರ್ಕಾರಿ ನೌಕರಿ ಮಾಡ್ಯಾಳ. ನಾ ನಿಮ್ಮ ಮುತ್ಯಾನ ಜೋಡಿ ಸಂಸಾರ ಮಾಡೀನಿ. ಇಬ್ಬರಿಗೂ ರೂಢಿ ಅದ."

ಬಸ್ಸು ಚಿಂಚೋಳಿ ದಾಟಿ ಮುಂದೆ ಹೋದಂತೆ ನನ್ನ ಧೈರ್ಯ ಒಂದೊಂದು ಸ್ಟಾಪಿನಲ್ಲಿ ಇಳಿದು ಹೋಗುತ್ತಿತ್ತು. ಮನಸ್ಸಿನಲ್ಲಿ ಒಕ್ಕಣೆ ಬರೆಯುತ್ತಿದ್ದೆ, ತಿದ್ದುತ್ತಿದ್ದೆ. ಅತ್ತೆ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದರು. ಊರು ಬಂದಾಗ ನನಗಿಂತ ಮೊದಲು ಅವರೇ ಇಳಿದು, ಬಿಸಿಲಿನಲ್ಲಿ ಸರಸರನೆ ನಡೆದರು. ಬೀಗತಿಯವರು ಕಟ್ಟೆಯ ಮೇಲೆ ತೊಗರಿ ಬೇಳೆ ಹಸನು ಮಾಡುತ್ತಾ ಕುಳಿತಿದ್ದರು. ಕಾಲೊತ್ತಿ ಗಂಜಿ ಕುಡಿಸಿದ ರೋಗಿ ಓಣಿಯಲ್ಲಿ ಬಿರುಸಾಗಿ ಬರುತ್ತಿರುವುದನ್ನು ನೋಡಿ ಅವರ ಕೈಯ ಮೊರ ಹಾಗೇ ನಿಂತಿತು.

"ಶರಣ್ರೀ" ಎಂದರು ಅತ್ತೆ. "ನಂಗೇನೂ ಆಗಿದ್ದಿಲ್ಲರಿ ತಂಗಿ. ಸುಳ್ಳು ಹೇಳಿದ್ರು ಇವರು. ಅದರ ತಪ್ಪು ನಂದೇ ಅಂತ ತಿಳೀರಿ. ನಿಮ್ಮ ಗಂಜಿ ಮಾತ್ರ ಭಾಳ ಚಲೋ ಇತ್ತು."

ಬೀಗತಿಯವರ ಮುಖ ಕೆಂಪಾಯಿತು. ಆದರೂ ಎದ್ದು, "ಒಳಗ ಬರ್ರಿ, ಕುಂದ್ರಿ" ಎಂದರು. ನೀರು ಕೊಟ್ಟರು. ನೀರು ಕುಡಿದ ಮೇಲೆ ನಾನು ಚೀಲವನ್ನು ಅವರ ಮುಂದೆ ಇಟ್ಟೆ. ಬಸ್ಸಿನಲ್ಲಿ ಬರೆದುಕೊಂಡ ಒಕ್ಕಣೆಯ ಒಂದು ಅಕ್ಷರವೂ ನೆನಪಾಗಲಿಲ್ಲ.

"ಅಕ್ಕಾರ, ಈ ಸಂಬಂಧ ರದ್ದು ಮಾಡ್ಲಿಕತ್ತೀವಿ" ಎಂದೆ. "ಮುಂದ ಹಾಕೂದಲ್ಲ. ರದ್ದು."

"ಕಾರಣ?" ಎಂದರು ಅವರು. ಸಿಟ್ಟಿತ್ತು, ಇರಲೇಬೇಕು. "ನನ್ನ ಮಗ ಕುಡೀತಾನ? ಇಸ್ಪೇಟ ಆಡ್ತಾನ? ಊರಾಗ ನನ್ನ ಮರ್ಯಾದಿ ಏನು ಉಳೀತು? ಸಕ್ಕರಿ ತಿಂದ ಬಾಯಿಲೆ ಹ್ಯಾಂಗ ಹೇಳ್ತೀರಿ ಈ ಮಾತು?"

ನಾನು ಫೋನ್ ತೆರೆದು ಅವರ ಕೈಯಲ್ಲಿಟ್ಟೆ. ಅವರು ಬೆರಳಿನಿಂದ ಒಂದೊಂದೇ ಸರಿಸಿದರು. ರೈಲಿನ ಸೀಟು, ಕಿಟಕಿ, ಮಗಳ ಪಕ್ಕದಲ್ಲಿ ಕುಳಿತ ಯಾವುದೋ ಹೆಂಗಸು, ಎದುರಿನ ಬೆಂಚಿನ ಮಾಸ್ತರರಂಥವರು, ಲ್ಯಾಬಿನ ಮೇಜು, ಊಟದ ಡಬ್ಬಿ, ಮತ್ತೆ ಸೀಟು. ಸೆರಗು ಸರಿಮಾಡಿಕೊಂಡು ಜಂಬದಿಂದ ಕುಳಿತ ನಾನು. ಮೊದಮೊದಲು ಅವರಿಗೆ ಅರ್ಥವಾಗಲಿಲ್ಲ, ಇದೇನು ತೋರಿಸುತ್ತಿದ್ದಾಳೆ ಎಂಬಂತೆ ನನ್ನ ಮುಖ ನೋಡಿದರು. ಆಮೇಲೆ ಫೋಟೋಗಳ ನಡುನಡುವೆ ಇದ್ದ ಮಗನ ಮಾತುಗಳನ್ನು ಓದಿದರು. ತುಟಿ ಅಲುಗಿಸುತ್ತಾ ಓದುತ್ತಿದ್ದರು. ಓದುತ್ತಾ ಓದುತ್ತಾ ಅವರ ಬೆರಳು ನಿಧಾನವಾಯಿತು.

ಬಾಗಿಲ ಹೊರಗೆ ಕೋಳಿಗಳು ಬೇಳೆಗೆ ಬಾಯಿ ಹಾಕುತ್ತಿದ್ದವು, ಅತ್ತೆ ಕೂತಲ್ಲಿಂದಲೇ ಹುಶ್ ಎಂದು ಓಡಿಸಿದರು.

"ನಿಮ್ಮ ಊರಿಗಿ ಬಂದಿದ್ನಲ್ಲ" ಎಂದರು ಬೀಗತಿಯವರು ಕೊನೆಗೆ, ತಲೆ ಎತ್ತದೆ. "ಬಸ್ಸಿನ್ಯಾಗಿಂದ ನಾನೂ ಮಗಗ ಫೋಟೋ ಕಳಿಸೀನ್ರಿ. ಬಾಜೂದಾಕಿ ಮಾರಿ ಕಾಣಬೇಕಂತ."

ಅವರು ಬಾಗಿಲ ಕಡೆ ಕೈ ತೋರಿದರು.

"ಇವರಪ್ಪ ಹೊಲಕ್ಕ ಹೋಗೂ ಮುಂದ ಹೊರಗಿಂದ ಕೊಂಡಿ ಹಾಕಿ ಹೋಗ್ತಿದ್ದ. ಇಪ್ಪತ್ತು ವರ್ಷ. ಅವ ಹ್ವಾದ ಮ್ಯಾಲ ಕೊಂಡಿ ಕಿತ್ತಿ ಒಗದೀನಿ, ನೋಡ್ರಿ ಅಲ್ಲಿ." ಬಾಗಿಲ ಹೊರಮೈಯಲ್ಲಿ ಮೊಳೆ ಕಿತ್ತ ತೂತುಗಳು ಇದ್ದವು. "ಮಗ ಹಂಗ ಆಗಬಾರದಂತ ಕಲಬುರಗಿಗಿ ಸಾಲಿಗಿ ಹಾಕಿದೆ. ಕಾಳಜಿ ಮಾಡ್ತಾನ ಅಂತ ನಂಬಿದ್ದೆ ನಾ."

ಅವರು ಚೀಲದಿಂದ ಬಳೆಗಳನ್ನು ತೆಗೆದು ನೋಡಿ, ಮತ್ತೆ ಚೀಲದಲ್ಲಿಟ್ಟರು. ಫೋನನ್ನು ನನ್ನ ಕೈಗೆ ಕೊಟ್ಟರು.

"ರದ್ದೇ ಅನ್ರಿ" ಎಂದರು. "ಯಾರು ಕೇಳಿದ್ರೂ ರದ್ದೇ ಅನ್ರಿ. ಮುಂದ ನೋಡೋಣ ಅನಬ್ಯಾಡ್ರಿ. ನನ್ನ ಲಗ್ನಕ್ಕೂ ನಮ್ಮ ಬಳಗದವರು ನಮ್ಮಪ್ಪಗ ಬರೀ ಅದೇ ಅಂದ್ರು, ಮುಂದ ನೋಡೋಣ, ಮುಂದ ಸುಧಾರಿಸ್ತಾನ. ಮಗಗ ನಾ ಹೇಳ್ತೀನಿ. ಇವತ್ತೇ ಹೇಳ್ತೀನಿ. ನಿಮ್ಮ ಹುಡುಗಿಗಿ ಅವ ಇನ್ನ ಫೋನ್ ಮಾಡಿದ್ರ ನಂಗ ತಿಳಸ್ರಿ."

ಅತ್ತೆ ಎದ್ದು ಹೋಗಿ ಅವರ ತಲೆಯ ಮೇಲೆ ಕೈ ಇಟ್ಟರು. ನಾನು ಅಳುತ್ತಿದ್ದೆ. ಬೈಯಿಸಿಕೊಳ್ಳಲು ಸಿದ್ಧಳಾಗಿ ಹೋದವಳಿಗೆ ಇದಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಊಟ ಮಾಡದೆ ಅವರು ಬಿಡಲಿಲ್ಲ. ರೊಟ್ಟಿ ಬಡಿಯುವಾಗ ಅವರ ಫೋನು ಎರಡು ಸಲ ಬಡಿದುಕೊಂಡಿತು. ಹಿಟ್ಟಿನ ಕೈಯಲ್ಲಿ ಅದನ್ನು ಎತ್ತಿ, ನೋಡಿ, ಬೋರಲು ಹಾಕಿಟ್ಟು ಮತ್ತೆ ರೊಟ್ಟಿ ಬಡಿದರು.

ಬಸ್ ಸ್ಟ್ಯಾಂಡಿನಿಂದ ಮಗಳಿಗೆ ಫೋನ್ ಮಾಡಿದೆ. "ರದ್ದಾತವ್ವ" ಎಂದೆ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ದಿನದ್ದು ಒಮ್ಮೆಲೇ ಬಂತು. ನಾನು ಫೋನನ್ನು ಕಿವಿಗೆ ಹಿಡಿದುಕೊಂಡು ಅದನ್ನು ಪೂರ್ತಿ ಕೇಳಿದೆ. ಅಂಥ ಅಳುವನ್ನು ಕೇಳಿ ಮೈ ಹಗುರವಾದದ್ದು ನನಗೆ ಅದೇ ಮೊದಲು.

ಇನ್ನು ಪ್ರತಿಗಳು ಉಳಿದಿದ್ದವು. ಸಕ್ಕರೆ ಮುಟ್ಟಿದ ಮನೆಗೆಲ್ಲ ಸುದ್ದಿ ಮುಟ್ಟದಿದ್ದರೆ ನಾಳೆ ಯಾರೋ ಒಬ್ಬರು ಮಗಳನ್ನು ದಾರಿಯಲ್ಲಿ ನಿಲ್ಲಿಸಿ, ಲಗ್ನ ಯಾವಾಗವ್ವ ಎಂದು ಕೇಳುತ್ತಾರೆ. ಅದು ಬೇಡವಾಗಿತ್ತು. ಮರುದಿನ ಸಂಜೆ ನಾನೇ ಓಣಿಯ ಆ ತುದಿಯಿಂದ ಶುರು ಮಾಡಿದೆ. ಒಂದೊಂದು ಬಾಗಿಲಲ್ಲಿ ನಿಂತು, "ನಮ್ಮ ಹುಡುಗಿ ಲಗ್ನ ರದ್ದಾಗ್ಯಾದ, ನಾವೇ ಮಾಡೀವಿ" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಒಬ್ಬಾಕೆ ನನಗೇ ಪಾಠ ಹೇಳಿದಳು. "ಹೌದ್ರಿ, ಆಡೀನಿ, ಹೋತು" ಎಂದು ಮುಂದಿನ ಮನೆಗೆ ನಡೆದೆ. ಊರ ಬಾಯಿಗೆ ಯಾರು ಕೈ ಹಿಡಿಯುತ್ತಾರೆ? ಅರ್ಧ ಓಣಿಯವರು ಸಂತಾಪದ ಮುಖ ಮಾಡಿದರು. ಉಳಿದವರು ಒಳಗೆ ಕರೆದು ಚಹಾ ಕೊಟ್ಟು, ನಡೆದದ್ದನ್ನೆಲ್ಲ ಮೊದಲಿನಿಂದ ಹೇಳು ಎಂದರು. ನಾನು ಹೇಳಲಿಲ್ಲ. ಆ ತಾಯಿಯ ಮರ್ಯಾದೆ ಅದರಲ್ಲಿತ್ತು. ಹುಡುಗಿಗೆ ಮನಸ್ಸಿಲ್ಲ ಎಂದಷ್ಟೇ ಹೇಳಿದೆ, ಅದೂ ಸುಳ್ಳಲ್ಲ.

ಆ ವಾರದಲ್ಲಿ ಹುಡುಗ ಎರಡು ಸಲ ನಮ್ಮ ಮನೆಗೆ ಫೋನ್ ಮಾಡಿದ. ಎರಡನೆಯ ಸಲ ನನ್ನ ಗಂಡ ನನ್ನ ಕೈಯಿಂದ ಫೋನ್ ತೆಗೆದುಕೊಂಡರು. ಅವರ ಕುತ್ತಿಗೆಯಲ್ಲಿ ನರ ಉಬ್ಬಿತ್ತು. "ತಮ್ಮಾ, ಅದು ರದ್ದಾಗ್ಯಾದ" ಎಂದರು. "ಮಾತು ಕೊಟ್ಟವ ನಾ, ವಾಪಸ್ ತಗೊಂಡವನೂ ನಾನೇ. ಇನ್ನ ಈ ನಂಬರಿಗಿ ಫೋನ್ ಮಾಡಬ್ಯಾಡ." ಫೋನ್ ಇಟ್ಟ ಮೇಲೆ ಒಂದು ತಂಬಿಗೆ ನೀರು ಗಟಗಟ ಕುಡಿದರು. ಮತ್ತೆ ಫೋನ್ ಬರಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಭಾನುವಾರ ಮಗಳು ಬೆಳಿಗ್ಗೆಯೇ ತಯಾರಾಗಿ ಚೀಲ ಹೆಗಲಿಗೆ ಹಾಕಿಕೊಂಡಳು. "ಅವ್ವ, ಹೋಗಿ ಬರ್ತೀನಿ" ಎಂದಳು. ಅಷ್ಟೇ. ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ಬರುತ್ತಿ ಎಂಬ ಮೂರೂ ಪ್ರಶ್ನೆಗಳು ನನ್ನ ನಾಲಿಗೆಯ ತುದಿಗೆ ಬಂದು ನಿಂತವು. ಹೆತ್ತವಳು ನಾನು, ಕೇಳಿದರೆ ತಪ್ಪೇನೂ ಇರಲಿಲ್ಲ. ಆದರೂ ಹಲ್ಲು ಕಚ್ಚಿ, "ಹೂಂ, ಹೋಗಿ ಬಾ" ಎಂದೆ. ಆ ದಿನ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಮಧ್ಯಾಹ್ನ ಎರಡು ಸಲ ಫೋನ್ ಕೈಗೆತ್ತಿಕೊಂಡೆ, ಎರಡು ಸಲವೂ ಅತ್ತೆ ಕೆಮ್ಮಿದರು. ಇಳಿಹೊತ್ತಾಯಿತು, ದೀಪ ಹಚ್ಚುವ ಹೊತ್ತಾಯಿತು. ಬೇಳೆ ಬೇಯಲು ಇಟ್ಟು ಬಾಗಿಲಿಗೂ ಒಲೆಗೂ ಓಡಾಡಿದೆ.

ಆಗ ಬಂದಳು. ಮೂಗಿನ ತುದಿ ಬಿಸಿಲಿಗೆ ಕೆಂಪಾಗಿತ್ತು, ಕಾಲಿನ ತುಂಬ ಧೂಳು. ಬಂದವಳೇ ಅಜ್ಜಿಯ ಪಕ್ಕ ಕಾಲು ಚಾಚಿ ಕುಳಿತು ತಾನಾಗಿಯೇ ಹೇಳಲು ಶುರು ಮಾಡಿದಳು. ಲ್ಯಾಬಿನ ಗೆಳತಿಯರ ಜೊತೆ ಸನ್ನತಿಗೆ ಹೋಗಿದ್ದಳಂತೆ. ಗುಡಿಗೆ ಹೋಗಿ, ಅಗೆದು ತೆಗೆದ ಕೆತ್ತನೆ ಕಲ್ಲುಗಳನ್ನೆಲ್ಲ ಸುತ್ತಿ ನೋಡಿದರಂತೆ. ಭೀಮೆಯಲ್ಲಿ ಮೊಣಕಾಲಿನಷ್ಟೂ ನೀರಿರಲಿಲ್ಲ, ಅದರಲ್ಲೇ ಇಳಿದು ಮಧ್ಯಾಹ್ನವಿಡೀ ಕುಳಿತರಂತೆ. ಮಿರ್ಚಿ ಭಜಿ ತಿಂದು ಒಬ್ಬಳಿಗೆ ಖಾರ ನೆತ್ತಿಗೇರಿ, ಉಳಿದವರೆಲ್ಲ ನಕ್ಕು ಸತ್ತರಂತೆ. ಕೈ ತಿರುಗಿಸಿ ತಿರುಗಿಸಿ ಹೇಳುತ್ತಿದ್ದಳು. ಅವಳು ಇಷ್ಟು ಮಾತಾಡಿದ್ದನ್ನು ನಾನು ಯಾವಾಗ ಕೇಳಿದ್ದೆನೋ ನೆನಪಿರಲಿಲ್ಲ.

"ಫೋಟೋ ತೋರಸು ನೋಡೋಣ" ಎಂದರು ಅತ್ತೆ.

"ಒಂದೂ ತಗದಿಲ್ಲ ಆಯಿ" ಎಂದಳು. "ಫೋನ್ ಚೀಲದಾಗೇ ಇತ್ತು. ಮರತೇ ಬಿಟ್ಟಿದ್ದೆ."

ನಾನು ಒಲೆಯ ಕಡೆ ತಿರುಗಿ ಸಾರಿಗೆ ಒಗ್ಗರಣೆ ಹಾಕಿದೆ. ಕಣ್ಣು ತುಂಬಿ ಸಾಸಿವೆ ಕಾಣಿಸುತ್ತಿರಲಿಲ್ಲ. ಇಡೀ ಒಂದು ದಿನ ನನ್ನ ಮಗಳು ಎಲ್ಲಿದ್ದಳೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಅವಳು ನಗುತ್ತಾ ಮನೆಗೆ ಬಂದಿದ್ದಳು.